ರಾಣಿಯ ಡ್ಯಾಶ್, ರಾಜಕುಮಾರನ ಈಯೋಸ್

1838ರ ಜೂನ್ 28. ಪಟ್ಟಾಭಿಷೇಕ ಮುಗಿಸಿ ಅರಮನೆಗೆ ಮರಳಿದ ಹತ್ತೊಂಬತ್ತರ ವಿಕ್ಟೋರಿಯಾ ರಾಜಪೋಷಾಕು ಕಳಚಿಟ್ಟು, ತನ್ನ ಸ್ಪ್ಯಾನಿಯಲ್ ನಾಯಿ ಡ್ಯಾಶ್‌ಗೆ ಸ್ನಾನ ಮಾಡಿಸಲು ಓಡಿದಳಂತೆ. ಚಿತ್ರಕಾರ ಚಾರ್ಲ್ಸ್ ಲೆಸ್ಲಿ ದಾಖಲಿಸಿರುವ ಸಂಗತಿಯಿದು. ತಾಯಿಯ ಬಿಗಿ ಕಾವಲಿನಲ್ಲಿ ಒಂಟಿಯಾಗಿ ಬೆಳೆದ ಹುಡುಗಿಗೆ 1833ರಿಂದಲೂ ಡ್ಯಾಶ್ ಆಪ್ತ ಒಡನಾಡಿ.

ಇಂಥವಳ ಮನಗೆದ್ದ ಜರ್ಮನಿಯ ರಾಜಕುಮಾರ ಆಲ್ಬರ್ಟ್ ಕೂಡ ನಾಯಿಯೆಂದರೆ ಪ್ರಾಣ ಬಿಡುವವನೇ.

1839ರ ಅಕ್ಟೋಬರ್ 15ರಂದು ವಿಂಡ್ಸರ್‌ನಲ್ಲಿ ಮದುವೆಯ ಮಾತೆತ್ತಿದ್ದು ವಿಕ್ಟೋರಿಯಾ. ಆಳುವ ರಾಣಿಯನ್ನು ಗಂಡೇ ಮದುವೆಗೆ ಕೇಳುವ ಪದ್ಧತಿಯಿರಲಿಲ್ಲ. ಮರುವರ್ಷ ಫೆಬ್ರವರಿ 10ರಂದು ಮದುವೆ. ಜರ್ಮನಿಯಿಂದ ಬಂದ ವರನ ಜೊತೆಗೆ ಅವನ ನೆಚ್ಚಿನ ಕಪ್ಪು ಗ್ರೇಹೌಂಡ್ ಈಯೋಸ್ ಕೂಡ ಇಂಗ್ಲೆಂಡಿಗೆ ಬಂತು. ಹೊಸ ದೇಶದಲ್ಲಿ ಅವನಿಗೆ ತವರಿನ ನಂಟು ಉಳಿಸಿದ ಜೀವವದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಡ್ಯಾಶ್ ತೀರಿಕೊಂಡಿತು. ಗಂಡನ ಅಕ್ಕರೆಯನ್ನು ಚೆನ್ನಾಗಿ ಅರಿತಿದ್ದ ರಾಣಿ, 1841ರ ಕ್ರಿಸ್‌ಮಸ್ಸಿಗೆ ಎಡ್ವಿನ್ ಲ್ಯಾಂಡ್‌ಸೀರ್‌ನಿಂದ ಈಯೋಸ್‌ನ ಚಿತ್ರ ಬರೆಸಿ ಉಡುಗೊರೆ ಕೊಟ್ಟಳು. ಚಿತ್ರದಲ್ಲಿ ಆಲ್ಬರ್ಟ್ ಇಲ್ಲ; ಅವನ ಟೋಪಿ, ಕೈಗವಸುಗಳ ಪಕ್ಕ ನಾಯಿ ಕಾದು ನಿಂತಿದೆ. 1844ರಲ್ಲಿ ಈಯೋಸ್ ಸತ್ತಾಗ ವಿಂಡ್ಸರ್‌ನಲ್ಲೇ ಸಮಾಧಿ ಮಾಡಿ, ಅದರ ಕಂಚಿನ ಪ್ರತಿಮೆ ನಿಲ್ಲಿಸಿದರು.