ಐದು ತಟ್ಟೆಯ ಮದುವೆ

ನನ್ನ ಮದುವೆಯಾದದ್ದು 1994ರಲ್ಲಿ, ಮಾಯಕೊಂಡದ ನಮ್ಮ ಮನೆಯ ಮುಂದೆ ಹಾಕಿದ ಚಪ್ಪರದಲ್ಲಿ. ಲಗ್ನಪತ್ರಿಕೆಯಲ್ಲಿ ಊರಿನ ಹೆಸರಿನ ಮುಂದೆ ‘ಚಿತ್ರದುರ್ಗ ಜಿಲ್ಲೆ’ ಎಂದಿದೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಹಾಗಾಗಿ ನನ್ನ ಮದುವೆಯೂ ಈಗ ಚರಿತ್ರೆಗೆ ಸೇರಿದ್ದು ಎಂದರೆ ತರಗತಿಯಲ್ಲಿ ಮಕ್ಕಳು ನಗುತ್ತಾರೆ.

ಆ ಮದುವೆಗೆ ವಿಡಿಯೋ ತೆಗೆಸಿದ್ದೇ ಊರಿಗೆಲ್ಲ ಸುದ್ದಿಯಾಗಿತ್ತು. ದಾವಣಗೆರೆಯಿಂದ ಬಂದವನು ಭುಜದ ಮೇಲೆ ಕ್ಯಾಮೆರಾ ಹೊತ್ತು ನಡೆದರೆ, ಅವನ ಹಿಂದೆ ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗ. ಊಟದ ಎಲೆಯ ಮುಂದೆ ಆ ದೀಪ ಬಂದಾಗ ಹಿರಿಯರು ತುತ್ತನ್ನು ಕೈಯಲ್ಲೇ ಹಿಡಿದು ಗಂಭೀರವಾಗಿ ಕೂತುಬಿಡುತ್ತಿದ್ದರು. ಒಟ್ಟು ಐದು ಗಂಟೆಯ ಚಿತ್ರ, ಎರಡು ವಿ.ಎಚ್.ಎಸ್. ಕ್ಯಾಸೆಟ್ಟುಗಳಲ್ಲಿ ಬಂತು. ಜಪಾನಿನ ಜೆ.ವಿ.ಸಿ. ಕಂಪನಿ 1976ರಲ್ಲಿ ಹೊರತಂದ ಆ ಕ್ಯಾಸೆಟ್ಟಿನ ಜಾತಿ ಆಗ ಲೋಕವನ್ನೆಲ್ಲ ಆಳುತ್ತಿತ್ತು.

ಹತ್ತು ವರ್ಷಕ್ಕೆ ಟೇಪಿಗೆ ಬೂಷ್ಟು ಹಿಡಿಯಿತು. 2004ರಲ್ಲಿ ಅದನ್ನು ವಿಸಿಡಿಗೆ ಇಳಿಸಿಸಿದೆವು. ಈ ವಿಸಿಡಿಯ ಪದ್ಧತಿ 1993ರದು. ಹಾಡು ಕೇಳುವ ಸಿ.ಡಿ.ಯಲ್ಲೇ ಚಿತ್ರವನ್ನೂ ಹಿಂಡಿ ತುಂಬುವ ಉಪಾಯ. ಒಂದು ತಟ್ಟೆಗೆ ಹೆಚ್ಚೆಂದರೆ 74 ನಿಮಿಷ. ಅದಕ್ಕೇ ಕನ್ನಡ ಸಿನಿಮಾ ಒಂದಕ್ಕೆ ಎರಡೋ ಮೂರೋ ತಟ್ಟೆ ಇರುತ್ತಿದ್ದವು, ಓದುಗರಿಗೆ ನೆನಪಿರಬಹುದು. ನಾಯಕಿ ಅಳುತ್ತಿರುವಾಗಲೇ ಎದ್ದುಹೋಗಿ ತಟ್ಟೆ ಬದಲಿಸಬೇಕು! ನಮ್ಮ ಮದುವೆ ಗಂಟೆಗೊಂದರಂತೆ ಐದು ತಟ್ಟೆಯಾಯಿತು.

ಅವ್ವನಿಗೆ ಮಂಡಿನೋವು ಹೆಚ್ಚಾದ ಮೇಲೆ ಈ ಏಳುವ ಕೂರುವ ಕೆಲಸ ಅವಳಿಂದ ಆಗದಾಯಿತು. ಅಪ್ಪ ಇರುವುದು ಎರಡನೆಯ ತಟ್ಟೆಯಲ್ಲಿ, ತವರಿನ ಅಣ್ಣ ನಾಲ್ಕನೆಯದರಲ್ಲಿ. ಇಬ್ಬರೂ ಆಗಲೇ ತೀರಿಹೋಗಿದ್ದರು. ‘ಎಲ್ಲಾ ಒಂದರಾಗೆ ಹಾಕಿಸಿಕೊಡವ್ವ’ ಎಂದಳು. 2012ರ ಬೇಸಿಗೆ ರಜೆಯಲ್ಲಿ ಐದೂ ತಟ್ಟೆಗಳನ್ನು ಬ್ಯಾಗಿಗೆ ಹಾಕಿಕೊಂಡು ದಾವಣಗೆರೆಯ ರೈಲು ಹತ್ತಿದೆ.

ಅಂಗಡಿಯ ಹುಡುಗ ತಟ್ಟೆಗಳನ್ನು ಓಡಿಸಿ ನೋಡಿ, ‘ಡಿವಿಡಿಗೆ ಎರಡು ಗಂಟೆ ಮಾತ್ರ ಹಿಡಿಸುತ್ತದೆ ಮೇಡಂ. ವೇಸ್ಟ್ ಎಲ್ಲಾ ಕಟ್ ಮಾಡಿ ಚೆಂದ ಮಾಡಿಕೊಡುತ್ತೇನೆ’ ಎಂದ. ವೇಸ್ಟ್ ಯಾವುದೆಂದು ಕೇಳಿದೆ. ಮೊದಲನೆಯ ತಟ್ಟೆಯ ಮುಕ್ಕಾಲು ಗಂಟೆ ತೋರಿಸಿದ. ಮದುವೆಯ ಹಿಂದಿನ ರಾತ್ರಿ ಕ್ಯಾಮೆರಾದವನು ದೀಪ ಪರೀಕ್ಷಿಸಲು ಹಿತ್ತಲ ಪಡಸಾಲೆಗೆ ಬಂದು ತೆಗೆದ ಭಾಗ. ಹೆಂಗಸರು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾರೆ, ಅವ್ವ ಸೋಬಾನೆ ಹೇಳುತ್ತಿದ್ದಾಳೆ. ಮುಖ ಸರಿಯಾಗಿ ಕಾಣದು, ದನಿ ಕೇಳುತ್ತದೆ. ಅವ್ವನಿಗೆ ಅಕ್ಷರ ಬರದು. ಅವಳ ಹಾಡುಗಳನ್ನು ಬರೆದುಕೊಳ್ಳಬೇಕು ಎಂದುಕೊಂಡೇ ಬಿ.ಎ., ಬಿ.ಎಡ್. ಎರಡೂ ಮುಗಿಸಿದವಳು ನಾನು. ಬರೆದುಕೊಂಡಿರಲಿಲ್ಲ.

ತಟ್ಟೆಗಳನ್ನು ವಾಪಸು ತಂದೆ. ರೈಲಿನಲ್ಲಿ ಮನಸ್ಸಿಗೆ ಬಂದದ್ದು ನಾನೇ ಮಾಡುವ ಪಾಠ. 1748ರಲ್ಲಿ ನಮ್ಮ ಮಾಯಕೊಂಡದಲ್ಲಿ ಚಿತ್ರದುರ್ಗದವರಿಗೂ ಬಿದನೂರಿನವರಿಗೂ ಯುದ್ಧವಾಯಿತು. ಚಿತ್ರದುರ್ಗದ ಹಿರೇ ಮದಕರಿನಾಯಕ ಇಲ್ಲಿಯೇ ಮಡಿದ. ಅವನ ಕಡೆ ಕಾದಾಡಲು ಬಂದ ಚಂದಾಸಾಹೇಬ ಸೆರೆಸಿಕ್ಕ. ಇಷ್ಟನ್ನು ಮಕ್ಕಳಿಗೆ ಹೇಳುತ್ತೇನೆ. ಆ ದಿನ ಮಾಯಕೊಂಡದ ಮನೆಗಳಲ್ಲಿ ಒಲೆ ಹೊತ್ತಿತೇ, ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಎತ್ತ ಓಡಿದರು ಎಂದು ಒಬ್ಬ ಹುಡುಗಿ ಕೇಳಿದ್ದಳು. ಅದು ಪುಸ್ತಕದಲ್ಲಿಲ್ಲ ಎಂದಿದ್ದೆ. ಪುಸ್ತಕದಲ್ಲಿ ಇಲ್ಲದ್ದು ಹೇಗೆ ಇಲ್ಲವಾಗುತ್ತದೆ ಎಂಬುದನ್ನು ಅಂಗಡಿಯ ಹುಡುಗ ಕಣ್ಣಮುಂದೆಯೇ ತೋರಿಸಿದ್ದ. ಅವನಲ್ಲಿ ಕೆಟ್ಟ ಬುದ್ಧಿಯೇನಿರಲಿಲ್ಲ. ಜಾಗ ಸಾಲದು ಎಂದಾಗ ಮೊದಲು ಹೊರಗೆ ಹೋಗುವುದು ಹಿತ್ತಲು.

ಜಾಗ ನಿಜವಾಗಿಯೂ ಸಾಲದೇ? ಕಂಪ್ಯೂಟರ್ ಕಲಿತ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲೆಕ್ಕ ಹಾಕಿ ತೋರಿಸಿದ. ವಿಸಿಡಿಯ ಚಿತ್ರಕ್ಕೆ ಅಡ್ಡಲಾಗಿ 352, ಉದ್ದಕ್ಕೆ 288 ಚುಕ್ಕಿ. ಡಿವಿಡಿಯದು 720 ಮತ್ತು 576. ಅಂಗಡಿಯವರು ಸಣ್ಣ ಚಿತ್ರವನ್ನು ಹಿಗ್ಗಿಸಿ ದೊಡ್ಡದು ಮಾಡುತ್ತಾರೆ, ಅದಕ್ಕೇ ಎರಡು ಗಂಟೆಗೆ ತಟ್ಟೆ ತುಂಬುವುದು. ಹಿಟ್ಟಿಗೆ ನೀರು ಬೆರೆಸಿದರೆ ದೋಸೆಯ ಲೆಕ್ಕ ಹೆಚ್ಚೀತು, ಬೆಣ್ಣೆ ಹೆಚ್ಚದು. ಆದರೆ ಡಿವಿಡಿಯ ನಿಯಮದಲ್ಲೇ ಆ ಸಣ್ಣ ಚಿತ್ರಕ್ಕೂ ಅನುಮತಿ ಇದೆಯಂತೆ. ಚಿತ್ರವನ್ನು ಮುಟ್ಟಬೇಕಿಲ್ಲ. ಶಬ್ದದ ಅಳತೆಯನ್ನು ಮಾತ್ರ ಸೆಕೆಂಡಿಗೆ 44,100ರಿಂದ 48,000ಕ್ಕೆ ಬದಲಿಸಬೇಕು. ಹಾಗೆ ಮಾಡಿದರೆ 4.7 ಗಿಗಾಬೈಟಿನ ಒಂದು ತಟ್ಟೆಗೆ ಏಳು ಗಂಟೆ ಹಿಡಿಸುತ್ತದೆ. ನಮ್ಮದು ಐದೇ ಗಂಟೆ!

ಕೆಲಸ ಒಂದೇ ದಿನಕ್ಕೆ ಮುಗಿಯಲಿಲ್ಲ. ಪ್ರತಿ ತಟ್ಟೆಯಲ್ಲಿ ‘ಎಂಪೆಗ್‌ಎವಿ’ ಎಂಬ ಫೋಲ್ಡರು, ಅದರೊಳಗೆ ‘ಡ್ಯಾಟ್’ ಎಂದು ಮುಗಿಯುವ ಕಡತ. ಅದನ್ನು ನಕಲು ಮಾಡುವಾಗ ಮೂರನೆಯ ತಟ್ಟೆ ಗೀರು ಬಿದ್ದಲ್ಲಿ ನಿಂತುಬಿಟ್ಟಿತು. ಚಿತ್ರಕ್ಕೆ ಜಾಗ ಸಾಲಲೆಂದು ವಿಸಿಡಿಯಲ್ಲಿ ತಪ್ಪು ತಿದ್ದುವ ಒಂದು ಏರ್ಪಾಡನ್ನೇ ಬಿಟ್ಟಿದ್ದಾರಂತೆ. ಟಿ.ವಿ.ಯಲ್ಲಿ ಗೀರು ದಾಟಿ ಓಡುವ ತಟ್ಟೆ ಕಂಪ್ಯೂಟರಿನಲ್ಲಿ ಮುಗ್ಗರಿಸುವುದುಂಟು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಮತ್ತೆ ಮತ್ತೆ ಓದಿಸಿ ಬಿಡಿಸಿದ. ಕಡೆಗೆ ಐದು ಸಾಲಿನ ಒಂದು ಪಟ್ಟಿ ಮಾಡಿ, ರಿಮೋಟಿನಲ್ಲಿ ಆರಿಸಿಕೊಳ್ಳುವಂತೆ ಡಿವಿಡಿ ಬರೆದುಕೊಟ್ಟ. ‘ಟೀಚರ್, ಒಂದೇ ಸಾಕೆ?’ ಎಂದು ಕೇಳಿದ.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಐದು ತಟ್ಟೆಯಿದ್ದಾಗ ಒಂದು ಒಡೆದರೂ ನಾಲ್ಕು ಉಳಿಯುತ್ತಿತ್ತು. ಒಂದಾಗಿಸಿದ ಮೇಲೆ ಒಂದೇ ಗೀರಿಗೆ ಅಪ್ಪ, ಮಾವ, ಅವ್ವನ ದನಿ ಎಲ್ಲ ಹೋಗಬಹುದು. ಸಾಲದ್ದಕ್ಕೆ, ಮನೆಯಲ್ಲಿ ಬರೆದ ತಟ್ಟೆ ಬಣ್ಣದ ಪದರದ ಮೇಲೆ ಬರೆದದ್ದು, ಬಿಸಿಲಿಗೆ ಮಾಸುತ್ತದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರತಿವರ್ಷ ಪಾಠ ಮಾಡುತ್ತೇನೆ. ಓಲೆಗರಿಯನ್ನು ಹುಳು ತಿನ್ನುತ್ತದೆ, ಪ್ರತಿ ಹೆಚ್ಚಿದರೆ ಕಾವ್ಯ ಉಳಿಯುತ್ತದೆ ಎಂದು ಅವಳಿಗೆ ತಿಳಿದಿತ್ತು. ನಾನು ಮೂರು ಪ್ರತಿ ಮಾಡಿಸಿದೆ. ಒಂದು ನನಗೆ, ಒಂದು ತಂಗಿಗೆ, ಒಂದು ಅವ್ವನಿಗೆ. ಹಳೆಯ ಐದನ್ನೂ ಎಸೆಯಲಿಲ್ಲ.

ಅವ್ವ ನೋಡಿದ್ದು ಬಹಳ ಸಲ ಮೊದಲನೆಯ ಸಾಲನ್ನೇ. ಅಪ್ಪನಿರುವ ಎರಡನೆಯದು ಆಮೇಲೆ. ಅಕ್ಕಿ ಆರಿಸುತ್ತಿದ್ದ ಒಬ್ಬೊಬ್ಬರ ಹೆಸರು ಹೇಳಿ, ‘ಇಕಿ ಹೋದಳು, ಇಕಿನೂ ಹೋದಳು’ ಎನ್ನುತ್ತಿದ್ದಳು. ಕೂತಲ್ಲಿಂದಲೇ ತನ್ನ ದನಿಗೆ ತಾನೇ ಸೊಲ್ಲು ಕೂಡಿಸುತ್ತಿದ್ದಳು. ನಾನು ಪಕ್ಕದಲ್ಲಿ ನೋಟುಪುಸ್ತಕ ಹಿಡಿದು ಕೂತು, ತಿಳಿಯದ ಮಾತಿಗೆ ಚಿತ್ರ ನಿಲ್ಲಿಸಿ ಅರ್ಥ ಕೇಳಿ ಬರೆದುಕೊಂಡೆ. ಹನ್ನೊಂದು ಹಾಡಾದವು. 2016ರಲ್ಲಿ ಅವ್ವ ತೀರಿಕೊಂಡಳು.

ಈಗ ಅಂಗಡಿಗಳಲ್ಲಿ ಡಿವಿಡಿ ಪ್ಲೇಯರ್ ಕಾಣುವುದೇ ಅಪರೂಪ. ಹೊಸ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಹಾಕುವ ಬಾಯಿ ಇರುವುದಿಲ್ಲ. ಕಳೆದ ವರ್ಷ ಮಗಳು ಆ ಐದು ಗಂಟೆಯನ್ನು ಪೆನ್‌ಡ್ರೈವಿಗೆ ಇಳಿಸಿ ಟಿ.ವಿ.ಗೆ ಸಿಕ್ಕಿಸಿದಳು. ಜಾಗ ಇನ್ನೂ ಬೇಕಾದಷ್ಟಿತ್ತು. ‘ಅಮ್ಮ, ಮೊದಲು ಬರುವ ಈ ಕತ್ತಲೆಯದನ್ನು ತೆಗೆದುಬಿಡಲೇ?’ ಎಂದು ಕೇಳಿದಳು. ಕೂರಿಸಿ, ದನಿ ಜೋರು ಮಾಡಿ ಕೇಳಿಸಿದೆ.