ಎಣ್ಣೆಗಾಯಿಯ ಹೊಟ್ಟೆಯೊಳಗೆ

ಅಪ್ಪನಿಗೆ ಬದನೆಕಾಯಿ ಎಣ್ಣೆಗಾಯಿ ಅಂದ್ರೆ ಪ್ರಾಣ. ಸಣ್ಣ ಮುಳ್ಳುಬದನೆ, ತೊಟ್ಟು ಬಿಡಿಸದೆ ನಾಲ್ಕು ಸೀಳು, ಒಳಗೆ ಹುರಿದ ಶೇಂಗಾಪುಡಿ, ಗುರೆಳ್ಳು, ಒಣಕೊಬ್ಬರಿ, ಕೆಂಪು ಖಾರ, ಹುಣಸೆ, ಬೆಲ್ಲ. ಮೇಲೆ ಎಣ್ಣೆ ತೇಲೋ ತನಕ ಸಣ್ಣ ಉರಿ. ಬಿಸಿ ಜೋಳದ ರೊಟ್ಟಿ ಜತೆ ಇದೊಂದಿದ್ದರೆ ಬೇರೆ ಪಲ್ಯ, ಸಾರು ಏನನ್ನೂ ಕೇಳುತ್ತಿರಲಿಲ್ಲ. ಹಾಗಾಗಿ ಅವರು ಹೋದ ಮೇಲೆ ಬಂದ ಮೊದಲ ತಿಥಿಯ ಬೆಳಿಗ್ಗೆ ನಾನೇ ಶೇಂಗಾ ಡಬ್ಬಿ ಕೆಳಗಿಳಿಸಿದೆ. ಅಮ್ಮ ಅದನ್ನು ಕಸಿದು ಮತ್ತೆ ಮೇಲಿಟ್ಟಳು.

"ತಿಥಿ ಅಡಿಗಿಗೆ ಶೇಂಗಾ ಬರಂಗಿಲ್ಲ. ಒಣಮೆಣಸಿನಕಾಯಿನೂ ಬರಂಗಿಲ್ಲ."

ಬದುಕಿದ್ದಾಗ ವಾರಕ್ಕೆರಡು ಸಲ ತಿಂದವರಿಗೆ ಸತ್ತ ಮೇಲೆ ಯಾಕೆ ಬರೋದಿಲ್ಲ? ಅವತ್ತು ಸಿಟ್ಟು ಬಂದಿತ್ತು. ಕೊನೆಗೆ ಎಲೆಗೆ ಬಿದ್ದದ್ದು ಹಾಗಲಕಾಯಿ: ಹೊಟ್ಟೆಯೊಳಗೆ ಎಳ್ಳು, ಕೊಬ್ಬರಿ, ಬೆಲ್ಲ, ಖಾರಕ್ಕೆ ಕರಿಮೆಣಸು. ಆಲೂಗಡ್ಡೆ ಇಲ್ಲ, ಟೊಮೆಟೊ ಇಲ್ಲ, ಎಲೆಕೋಸಂತೂ ಕೇಳಲೇಬೇಡಿ.

ಆಮೇಲೆ ಯೋಚಿಸಿದರೆ, ಅಡುಗೆಮನೆಯಿಂದ ಹೊರಗಿಟ್ಟ ಪದಾರ್ಥಗಳಿಗೆಲ್ಲ ಒಂದು ಸಂಬಂಧ ಇತ್ತು. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮೆಟೊ ನಾಲ್ಕೂ ಅಮೆರಿಕ ಖಂಡದವು. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದು 1492ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ಓಡಾಟ ಶುರುವಾದ ಮೇಲೇ ಈ ಬೀಜಗಳು ನಮ್ಮ ನೆಲ ಕಂಡದ್ದು. ತಿಥಿಯ ಅಡುಗೆ ಅದಕ್ಕೂ ಹಿಂದಿನ ಪಟ್ಟಿಯನ್ನೇ ಹಿಡಿದುಕೊಂಡು ಕೂತಿದೆ. ಅಮ್ಮನಿಗೆ ಅಮೆರಿಕದ ಗೊಡವೆ ಇಲ್ಲ. ಅವಳು ಅವಳ ಅತ್ತೆ ಹೇಳಿದ್ದನ್ನು ಪಾಲಿಸುತ್ತಾಳೆ, ಅಷ್ಟೇ. ಆದರೂ ವರ್ಷಕ್ಕೊಂದು ದಿನ ನಮ್ಮ ಒಲೆ ಐನೂರು ವರ್ಷ ಹಿಂದಕ್ಕೆ ಹೋಗಿ ಬರುತ್ತದೆ.

ಮೆಣಸಿನಕಾಯಿ ಅನ್ನೋ ಹೆಸರನ್ನೇ ನೋಡಿ. ಮೆಣಸು ನಮ್ಮದು, ಮಲೆನಾಡಿನ ಬಳ್ಳಿಯದು. ಹೊಸದಾಗಿ ಬಂದ ಖಾರದ ಕಾಯಿಗೆ ಹಳೇ ಖಾರದ ಹೆಸರನ್ನೇ ಅಂಟಿಸಿದರು. ಇನ್ನು ಎಣ್ಣೆ. ಎಳ್ಳಿನ ನೆಯ್ಯೇ ಎಣ್ಣೆ, ನೆಯ್ ಅಂದ್ರೆ ಜಿಡ್ಡು, ತುಪ್ಪ. ಅಂದ್ರೆ ಎಣ್ಣೆಗಾಯಿ ಅನ್ನುವಾಗಲೆಲ್ಲ ನಾವು ಗೊತ್ತಿಲ್ಲದೆ ಎಳ್ಳಿನ ಹೆಸರು ಹೇಳುತ್ತಿರುತ್ತೇವೆ, ಬಾಣಲೆಯಲ್ಲಿ ಕುದಿಯುವುದು ಶೇಂಗಾ ಎಣ್ಣೆಯಾದರೂ!

ಹಾಗಾದರೆ ಶೇಂಗಾ ಇಲ್ಲದ ಕಾಲದಲ್ಲಿ ಬದನೆಕಾಯಿಯ ಹೊಟ್ಟೆಗೆ ಏನು ತುಂಬುತ್ತಿದ್ದರು? ಹುಡುಕಿದಾಗ ಸಿಕ್ಕ ಉತ್ತರ ನಮ್ಮ ಮನೆಯಲ್ಲಿ ಜೋರಾಗಿ ಹೇಳುವಂಥದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಮನೆ ಊಟದ ದೊಡ್ಡ ವಿವರ ಇದೆ. ಅದರಲ್ಲಿ ಬದನೆಕಾಯಿಗೆ ಮಾಂಸ ತುಂಬಿ ಎಣ್ಣೆಯಲ್ಲಿ ಬೇಯಿಸುವ ಒಂದು ಅಡುಗೆ, ಹೆಸರು ಪೂರಭಟ್ಟಾಕ. ಇವತ್ತಿನ ಬಸವಕಲ್ಯಾಣದ ಸುತ್ತ ಯಾವುದೇ ಖಾನಾವಳಿಗೆ ಹೋದರೂ ತಟ್ಟೆಗೆ ಬೀಳುವ ಎಣ್ಣೆಗಾಯಿಗೆ ಅಲ್ಲೇ ಇಂಥ ಒಬ್ಬ ರಾಜವಂಶದ ಅಣ್ಣ ಇದ್ದ!

ಅದೇ ಇದರ ಮೂಲ ಅಂತ ನಾನು ಹೇಳುತ್ತಿಲ್ಲ. ಅರಮನೆಯಲ್ಲಿ ಮಾಂಸ ತುಂಬಿಸುತ್ತಿದ್ದ ದಿನವೇ ಊರಾಚೆ ಯಾವಳೋ ಒಬ್ಬಳು ಎಳ್ಳು ಅರೆದು ತುಂಬಿರಬಹುದು. ಅವಳಿಗೆ ಬರೆದಿಡಲು ಪುರುಸೊತ್ತು ಇರಲಿಲ್ಲ. ಸೊಪ್ಪು ತರಕಾರಿಯ ಅಡುಗೆಯನ್ನೇ ಹಿಡಿದು ಕನ್ನಡದಲ್ಲಿ ಪದ್ಯ ಬರೆದವನು ಮೂರನೇ ಮಂಗರಸ. ಜೈನ, ಕಾಲ ಸುಮಾರು 1508. ಅವನ 'ಸೂಪಶಾಸ್ತ್ರ' ವಾರ್ಧಕ ಷಟ್ಪದಿಯಲ್ಲಿದೆ, ಬದನೆಕಾಯಿಯ ಅಡುಗೆಗಳಿಗೆ ಅಂತಲೇ ಅದರಲ್ಲೊಂದು ಭಾಗ ಇದೆ. (ಬೀಜ ಹೆಚ್ಚು ಅಂತ ಕಟ್ಟುನಿಟ್ಟಿನ ಜೈನರು ಬದನೆಕಾಯಿ ಮುಟ್ಟೋದೇ ಇಲ್ಲ. ಮಂಗರಸ ಸ್ವಲ್ಪ ಸಡಿಲ ಇದ್ದ ಅಂತ ಕಾಣುತ್ತೆ.) ಅವನ ಒಲೆಯ ಮೇಲೆ ಮೆಣಸಿನಕಾಯಿ ಇರಲಿಲ್ಲ, ಶೇಂಗಾ ಇರಲಿಲ್ಲ. ಆದರೂ ಒಂದೇ ತರಕಾರಿಯನ್ನು ಹತ್ತಾರು ರುಚಿಗೆ ತಿರುಗಿಸುವ ಅವನ ಹುರುಪು ನೋಡಿದರೆ, ಮಾಂಸ ಇಲ್ಲದ ಊಟ ಅನ್ನೋದು ಅವನಿಗೆ ಕೊರತೆಯಾಗಿ ಕಂಡೇ ಇಲ್ಲ.

ಶೇಂಗಾ ಬಂದ ಕೂಡಲೇ ಎಲ್ಲರ ಮನೆ ಹೊಕ್ಕಿತು ಅಂದುಕೊಳ್ಳಬೇಡಿ. ಹತ್ತೊಂಬತ್ತನೇ ಶತಮಾನದಲ್ಲಿ ತಮಿಳು ಕರಾವಳಿಯಿಂದ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಎಣ್ಣೆ ತೆಗೆಯಲು ಹಡಗುಗಟ್ಟಲೆ ಕಡಲೆಕಾಯಿ ಹೋಗತೊಡಗಿದ ಮೇಲೇ ಮಳೆ ನಂಬಿದ ಒಣ ಹೊಲಗಳಿಗೆ ಇದು ರೊಕ್ಕದ ಬೆಳೆಯಾಯಿತು. ಅಂದ್ರೆ ನಾವು ತಲೆತಲಾಂತರದ್ದು ಅಂತ ಮೆರೆಸುವ ಎಣ್ಣೆಗಾಯಿಯ ಆ ದಪ್ಪ ಮಸಾಲೆಗೆ ಅಬ್ಬಬ್ಬಾ ಅಂದರೆ ಐದಾರು ತಲೆಮಾರು. 'ಶುದ್ಧ ಪ್ರಾಚೀನ ಅಡುಗೆ' ಅಂತ ಬೋರ್ಡು ಹಾಕಿ ಮೆಣಸಿನಕಾಯಿ ಚಟ್ನಿ ಬಡಿಸುವವರನ್ನು ಕಂಡರೆ ನನಗೆ ಈಗ ನಗು ಬರುತ್ತದೆ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಣ್ಣೆಗಾಯಿ. ಭೂಮಿತಾಯಿಗೆ ಶೇಂಗಾ ನಡೆಯುತ್ತೆ, ಪಿತೃಗಳಿಗೆ ನಡೆಯೋದಿಲ್ಲ. ಭೂಮಿ ತಾನೇ ಬೆಳೆದದ್ದನ್ನು ಬೇಡ ಅನ್ನೋದು ಹ್ಯಾಗೆ? ಅಪ್ಪ ಎಲ್ಲರಿಗಿಂತ ಮೊದಲು ಒಂದು ತುತ್ತು ಎಣ್ಣೆಗಾಯಿ ಬದುವಿನ ಮೇಲೆ ಎಸೆದು, ಆಮೇಲೆ ಕೂರುತ್ತಿದ್ದರು.

ತಿಥಿಯ ಮರುದಿನ ಎದ್ದಾಗ ಅಡುಗೆಮನೆಯಲ್ಲಿ ಶೇಂಗಾ ಹುರಿಯುವ ವಾಸನೆ. ಅಮ್ಮ ಮುಳ್ಳುಬದನೆ ಸೀಳಿ ಉಪ್ಪುನೀರಿಗೆ ಬಿಟ್ಟಿದ್ದಳು. ಒಟ್ಟು ಒಂಬತ್ತು. ಮನೆಯಲ್ಲಿದ್ದವರು ನಾವು ನಾಲ್ಕು ಜನ, ತಲೆಗೆರಡು.

"ಒಂದು ಹೆಚ್ಚಾತಲ್ಲ?" ಅಂದೆ.

"ಇರ್ಲಿ ಬಿಡು," ಅಂದಳು, ಖಾರದ ಡಬ್ಬಿಗೆ ಕೈ ಹಾಕುತ್ತಾ.