ಇಳಕಲ್ಲಿನ ಓಣಿಯಲ್ಲಿ ಮಗ್ಗದ ಸಪ್ಪಳ

ಇಳಕಲ್ ಸೀರೆಯ ಮಾತು ಬಂದರೆ ನಾವು ಸಾಮಾನ್ಯವಾಗಿ ದಡಿ, ಬಣ್ಣ, ಕೆಂಪು ಸೆರಗಿನ ಬಿಳಿ ತೆನೆಗಳನ್ನು ನೆನೆಯುತ್ತೇವೆ. ಆದರೆ ಈ ಊರಿನ ನೇಕಾರಿಕೆಯ ಚರಿತ್ರೆಯನ್ನು ಓಣಿಯಲ್ಲಿ ನಡೆಯುತ್ತಾ ಕಿವಿಯಿಂದಲೂ ಓದಬಹುದು. ಕಣ್ಣಿಗೆ ತಪ್ಪುವ ಕೆಲವು ಸಂಗತಿಗಳು ಕಿವಿಗೆ ಸಿಗುತ್ತವೆ. ಕುಣಿಮಗ್ಗದಲ್ಲಿ ನೇಕಾರರು ನೆಲದ ಕುಣಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಕಾಲಿನಿಂದ ತುಳಿದರೆ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಹಗ್ಗ ಜಗ್ಗಿದರೆ ಲಾಳಿ ಓಡಿ ಆಚೆಯ ಪೆಟ್ಟಿಗೆಗೆ ಟಕ್ಕೆಂದು ಬಡಿಯುತ್ತದೆ, ಹಲಗೆ ಬಂದು ಹೊಕ್ಕಿನ ಎಳೆಯನ್ನು ಧಪ್ಪೆಂದು ಒತ್ತುತ್ತದೆ. ಹೀಗೆ ಹಗ್ಗ ಜಗ್ಗಿ ಓಡಿಸುವ ಲಾಳಿಗೆ ಇಂಗ್ಲೆಂಡಿನ ಜಾನ್ ಕೇ ಪೇಟೆಂಟ್ ಪಡೆದದ್ದು 1733ರಲ್ಲಿ. ಅದು ಬರುವ ಮುನ್ನ ಲಾಳಿ ಕೈಯಿಂದ ಕೈಗೆ ಜಾರುತ್ತಿತ್ತು, ಆ 'ಟಕ್' ಇರಲೇ ಇಲ್ಲ. ಪುರಾತನವೆಂದು ನಾವು ನಂಬಿದ ಸಪ್ಪಳದಲ್ಲೂ ಅರ್ಧ ಈಚಿನದು.

ವಿದ್ಯುತ್ ಮಗ್ಗದ ಸಪ್ಪಳ ಬೇರೆ. ಅದು ಎಣಿಕೆಗೆ ಸಿಗದಷ್ಟು ವೇಗದ್ದು. ಕರೆಂಟು ಹೋದರೆ ಇಡೀ ಓಣಿ ಒಮ್ಮೆಲೇ ಮೌನವಾಗುತ್ತದೆ. ಕೈಮಗ್ಗಗಳು ಹಾಗೆ ಒಟ್ಟಿಗೆ ನಿಲ್ಲುವುದಿಲ್ಲ, ಒಂದೊಂದೂ ತನ್ನದೇ ಕಾರಣಕ್ಕೆ ನಿಲ್ಲುತ್ತದೆ. ಒಂದು ಮನೆಯಲ್ಲಿ ಎಳೆ ಹರಿದಿರುತ್ತದೆ, ಇನ್ನೊಂದರಲ್ಲಿ ಹೊಕ್ಕಿನ ನೂಲಿನ ಕಂಡಿಕೆ ಮುಗಿದಿರುತ್ತದೆ. ಈ ವ್ಯತ್ಯಾಸ ಕಾನೂನಿನಲ್ಲೂ ಇದೆ: ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಎರಡರ ನಡುವೆ ನೇಯ್ಗೆಯ ರೀತಿಯನ್ನೇ ಗೆರೆಯಾಗಿ ಎಳೆಯಿತು. ಮಡಿಚಿಟ್ಟ ಸೀರೆ ನೋಡಿ ಆ ಗೆರೆ ಗುರುತಿಸುವುದು ಕೊಳ್ಳುವವರಿಗೆ ಕಷ್ಟ, ನೇಯುವ ಮನೆಯ ಬಾಗಿಲಲ್ಲಿ ನಿಂತವರಿಗೆ ಸುಲಭ.

ಸಪ್ಪಳವನ್ನೇ ನೆಚ್ಚಿದರೆ ಇಳಕಲ್ಲಿನ ಮುಖ್ಯ ಕೌಶಲವೇ ತಪ್ಪಿಹೋಗುತ್ತದೆ ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದದ್ದೇ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಕುಣಿಕೆಯಾಗಿ ಸೇರಿಸುವ 'ಕೊಂಡಿ' ಬೆರಳಿನ ಕೆಲಸ, ಅದಕ್ಕೆ ಸದ್ದಿಲ್ಲ. ಆದರೆ ಈ ಕೊಂಡಿಯಿಂದಾಗಿಯೇ ಆರು, ಎಂಟು ಅಥವಾ ಒಂಬತ್ತು ಗಜದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ಹೂಡಬೇಕು, ಪ್ರತಿ ಸೀರೆಗೂ ಮಗ್ಗ ನಿಲ್ಲಬೇಕು. ಆ ಬಿಡುವೂ ಕಿವಿಗೆ ಸಿಗುವ ಸಾಕ್ಷಿಯೇ. ಇನ್ನು, ಕೈಮಗ್ಗದ ಲಯವನ್ನು ಹೊಗಳುವುದೆಂದರೆ ಬಡತನವನ್ನು ಹೊಗಳಿದಂತೆ ಎನ್ನುವವರಿದ್ದಾರೆ. ದಿನವಿಡೀ ಕುಣಿಯಲ್ಲಿ ಕೂತ ಬೆನ್ನಿನ ನೋವು ದೊಡ್ಡದು, ಕೂಲಿ ಸಣ್ಣದು. ವಿದ್ಯುತ್ ಮಗ್ಗಕ್ಕೆ ಹೋದವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಈ ಸಪ್ಪಳ ಇಂಪೆಂದು ನಾನು ಹೇಳುತ್ತಿಲ್ಲ, ಅದು ದುಡಿಮೆಯ ದಾಖಲೆ ಎನ್ನುತ್ತಿದ್ದೇನೆ. ಸೀರೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಸಪ್ಪಳ ಉಳಿಯದು. ಇಳಕಲ್ಲಿಗೆ, ನೇಕಾರರ ಇನ್ನೊಂದು ಊರಾದ ಗುಳೇದಗುಡ್ಡಕ್ಕೆ ಹೋಗುವವರು ನೇಕಾರರ ಒಪ್ಪಿಗೆ ಪಡೆದು ಅರ್ಧ ಗಂಟೆಯ ಮಗ್ಗದ ಸದ್ದನ್ನಾದರೂ ಮೊಬೈಲಿನಲ್ಲಿ ಹಿಡಿದಿಡಿ. ಊರು, ತಾರೀಖು, ಮಗ್ಗದ ಬಗೆ, ನೇಯುತ್ತಿದ್ದ ಬಟ್ಟೆ ಯಾವುದೆಂದು ಜೊತೆಗೆ ಬರೆದಿಡಿ.